ಕಡಲಲ್ಲಿ ತೇಲುವ ಬೋಯ್ ಮತ್ತು ಹವ್ಯಾಸಿ ರೇಡಿಯೊ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಕಡೆಯ ನಾವು ಕೆಲವರು ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದು ರೇಡಿಯೊ ಪ್ರಸಾರ ಮಾಡುವ ಹವ್ಯಾಸಿಗಳು. ಸಮುದ್ರದಲ್ಲಿ ತೇಲುತ್ತ ಹೋಗುವ ಬೋಯ್‌ಗಳು ಕಳುಹಿಸುವ ರೇಡಿಯೊ ಸಂದೇಶಗಳನ್ನು ಓದಿ, ಅವುಗಳ ದಾರಿಯನ್ನು ನಕ್ಷೆಯ ಮೇಲೆ ಗುರುತಿಸುವ ಗೀಳು ನಮಗೆ ಅಂಟಿಕೊಂಡಿದೆ. ಈ ವಿಷಯವನ್ನು ಪ್ರಸ್ತಾಪಿಸಿದಲ್ಲೆಲ್ಲ ವಿದ್ಯಾರ್ಥಿಗಳು, ಗೆಳೆಯರು ಮತ್ತು ಮನೆಯವರು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲೆಂದು ಇದನ್ನು ಬರೆಯಲಾಗಿದೆ.

ಬೋಯ್ ಎಂಬುದಕ್ಕೆ ಕನ್ನಡದಲ್ಲಿ ಪದವಿಲ್ಲವೆ?

ತೇಲುಬುರುಡೆ ಎಂಬ ಪದ ಇದೆ. ಬಾವಿಯಲ್ಲಿ ಈಜು ಕಲಿಯುವಾಗ ಬೆನ್ನಿಗೆ ಬೆಂಡು ಕಟ್ಟಿಕೊಂಡ ನೆನಪಿರುವವರಿಗೆ ಅದರ ತತ್ವವನ್ನು ವಿವರಿಸಬೇಕಾಗಿಲ್ಲ. ಆದರೆ ‘ನಾವು ಸಮುದ್ರಕ್ಕೆ ಬುರುಡೆ ಬಿಡುವವರಿದ್ದೇವೆ’ ಎಂದು ಹೇಳಿದರೆ ಕೇಳಿದವರು ನಗುವುದು ಖಂಡಿತ. ಆದ್ದರಿಂದ ಇಲ್ಲಿ ಬೋಯ್ ಎಂದೇ ಬರೆದಿದ್ದೇವೆ. ನಮ್ಮ ವಿಷಯಕ್ಕೆ ಬರುವುದು ಲಂಗರು ಹಾಕಿ ನಿಲ್ಲಿಸಿದ ಬೋಯ್ ಅಲ್ಲ. ನೀರಿನ ಹರಿವಿನೊಂದಿಗೆ ಹೋದಲ್ಲಿಗೆ ಹೋಗುವ, ಒಳಗೆ ಜಿಪಿಎಸ್, ಸಣ್ಣದೊಂದು ಟ್ರಾನ್ಸ್‌ಮಿಟರ್ ಮತ್ತು ಬ್ಯಾಟರಿ ಇರುವ, ಮೇಲೆ ಕೋಲಿನಂತಹ ಆಂಟೆನಾ ಹೊತ್ತ ನೀರು ನುಗ್ಗದ ಕೊಳವೆ.

ಸಮುದ್ರವೇ ಇಲ್ಲದ ಊರಿನವರಿಗೆ ಇದರ ಗೊಡವೆ ಏಕೆ?

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಸೇರಿ, ಮುಂದೆ ಗಂಗಾವಳಿ ಎನ್ನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆಣ್ಣಿಹಳ್ಳದ ನೀರು ಮಲಪ್ರಭೆಯ ಮೂಲಕ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡು ಕಡಲುಗಳಿಗೆ ನೀರು ಹಂಚುವ ದಿಬ್ಬದ ಮೇಲೆ ಕುಳಿತು ಕಡಲಿಗೂ ನಮಗೂ ಸಂಬಂಧವಿಲ್ಲ ಎನ್ನುವುದು ಕಷ್ಟ. ಆದರೆ ನಿಜವಾದ ಉತ್ತರ ಇನ್ನೂ ಸರಳವಾಗಿದೆ. ಬೋಯ್ ಅನ್ನು ಹಿಂಬಾಲಿಸುವ ಕೆಲಸಕ್ಕೆ ದಡದ ಅಗತ್ಯವೇ ಇಲ್ಲ, ಮತ್ತು ಮುಂದೆ ವಿವರಿಸುವಂತೆ, ಅನೇಕ ಸಲ ದಡದಲ್ಲಿರುವವನಿಗಿಂತ ಸಾವಿರಾರು ಕಿಲೊಮೀಟರ್ ದೂರದಲ್ಲಿರುವವನಿಗೇ ಬೋಯ್ ಚೆನ್ನಾಗಿ ಕೇಳಿಸುತ್ತದೆ.

ಬೋಯ್ ತನ್ನ ಸುದ್ದಿಯನ್ನು ಹೇಗೆ ತಿಳಿಸುತ್ತದೆ?

ಹೆಚ್ಚಿನ ಹವ್ಯಾಸಿಗಳು ಬಳಸುವುದು ವಿಸ್ಪರ್ ಎಂಬ ವಿಧಾನವನ್ನು. ಹೆಸರಿನ ಅರ್ಥ ಪಿಸುಮಾತು. ಇದನ್ನು ರೂಪಿಸಿ 2008ರಲ್ಲಿ ಬಳಕೆಗೆ ತಂದವರು ಜೋ ಟೇಲರ್. ಜೋಡಿ ನಕ್ಷತ್ರಗಳಲ್ಲೊಂದಾದ ಪಲ್ಸಾರ್ ಅನ್ನು ಕಂಡುಹಿಡಿದದ್ದಕ್ಕಾಗಿ ರಸೆಲ್ ಹಲ್ಸ್ ಅವರೊಂದಿಗೆ 1993ರ ಭೌತಶಾಸ್ತ್ರದ ನೊಬೆಲ್ ಪಡೆದವರು. ಆಕಾಶದ ಮೂಲೆಯಿಂದ ಬರುವ ಕ್ಷೀಣ ಸಂಕೇತವನ್ನು ಗದ್ದಲದೊಳಗಿಂದ ಹೆಕ್ಕುವುದೇ ಅವರ ವೃತ್ತಿಯಾಗಿದ್ದರಿಂದ, ಹವ್ಯಾಸಕ್ಕೂ ಅದೇ ಜಾಣ್ಮೆ ಇಳಿದು ಬಂದಿದೆ.

ಈ ವಿಧಾನದಲ್ಲಿ ಒಂದು ಸಂದೇಶವೆಂದರೆ ಕೇವಲ 50 ಬಿಟ್. ಅದರಲ್ಲಿ ಕಾಲ್‌ಸೈನ್‌ಗೆ, ಅಂದರೆ ಪ್ರಸಾರ ಮಾಡುವವರ ಗುರುತಿನ ಹೆಸರಿಗೆ 28, ಸ್ಥಳಸೂಚಿಗೆ 15 ಮತ್ತು ಪ್ರಸಾರದ ಶಕ್ತಿಗೆ 7 ಬಿಟ್ ಮೀಸಲು. ಇಷ್ಟೇ ಇಷ್ಟನ್ನು ಹೇಳಲು ಬೋಯ್ ಸುಮಾರು 110.6 ಸೆಕೆಂಡು ತೆಗೆದುಕೊಳ್ಳುತ್ತದೆ ಮತ್ತು ಕೇವಲ 6 ಹರ್ಟ್ಸ್‌ನಷ್ಟು ಅಗಲದ ಜಾಗವನ್ನು ಬಳಸುತ್ತದೆ. ನಿಧಾನವಾಗಿ, ಇಕ್ಕಟ್ಟಾದ ಜಾಗದಲ್ಲಿ ಮಾತನಾಡುವುದರಿಂದಲೇ, 2500 ಹರ್ಟ್ಸ್ ಅಗಲದ ಗದ್ದಲಕ್ಕಿಂತ 28 ಡೆಸಿಬೆಲ್ ಕೆಳಗಿದ್ದರೂ, ಅಂದರೆ ಗದ್ದಲದ ಆರುನೂರರಲ್ಲಿ ಒಂದು ಪಾಲಿನಷ್ಟೇ ಬಲವಿದ್ದರೂ, ಕಂಪ್ಯೂಟರ್ ಅದನ್ನು ಓದಬಲ್ಲದು. ಕಿವಿಗೆ ಏನೂ ಕೇಳಿಸುವುದಿಲ್ಲ. 200 ಮಿಲಿವಾಟ್ ಶಕ್ತಿ, ಅಂದರೆ ಸಣ್ಣದೊಂದು ಎಲ್‌ಇಡಿ ಸೂಚಕ ದೀಪಗಳ ಗೊಂಚಲಿಗೆ ಬೇಕಾಗುವಷ್ಟು ವಿದ್ಯುತ್ತು, ಮಹಾಸಾಗರವನ್ನು ದಾಟಿ ಹೋಗುವುದು ಹೀಗೆ.

ಎಲ್ಲ ಪ್ರಸಾರಗಳೂ ಸಮಸಂಖ್ಯೆಯ ನಿಮಿಷ ಆರಂಭವಾದ ಒಂದು ಸೆಕೆಂಡಿಗೆ ಶುರುವಾಗಬೇಕು. ಬೋಯ್‌ಗೆ ಈ ಗಡಿಯಾರವನ್ನು ಕೊಡುವುದು ಜಿಪಿಎಸ್. ಭಾರತೀಯ ಸಮಯವು ಅಂತರರಾಷ್ಟ್ರೀಯ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದ್ದರೂ ಮೂವತ್ತು ಸಮಸಂಖ್ಯೆಯೇ ಆಗಿರುವುದರಿಂದ, ನಮ್ಮ ಗೋಡೆ ಗಡಿಯಾರದ ಸಮನಿಮಿಷವನ್ನೇ ನಂಬಬಹುದು.

ಮೊಬೈಲ್ ಅಥವಾ ಉಪಗ್ರಹವನ್ನು ಬಳಸಬಾರದೇಕೆ?

ಮೊಬೈಲ್ ಗೋಪುರಗಳ ವ್ಯಾಪ್ತಿ ದಡ ಬಿಟ್ಟು ಸ್ವಲ್ಪ ದೂರದಲ್ಲೇ ಮುಗಿಯುತ್ತದೆ. ಹ್ಯಾಮ್‌ಗಳ ವಿಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ) ತರಂಗ ಹೆಚ್ಚುಕಡಿಮೆ ಕಣ್ಣಳತೆಯಷ್ಟೇ ಸಾಗುತ್ತದೆ. ನೀರಿನಿಂದ ಒಂದು ಮೀಟರ್ ಮೇಲಿರುವ ಆಂಟೆನಾದ ರೇಡಿಯೊ ದಿಗಂತ ಸುಮಾರು 4 ಕಿಲೊಮೀಟರ್. ದಡದ 100 ಮೀಟರ್ ಎತ್ತರದ ಗುಡ್ಡದ ಮೇಲಿನಿಂದ ಸುಮಾರು 41 ಕಿಲೊಮೀಟರ್. ಎರಡನ್ನೂ ಕೂಡಿಸಿದರೂ 45 ದಾಟುವುದಿಲ್ಲ, ಆ ದೂರವನ್ನು ಬೋಯ್ ಒಂದೆರಡು ದಿನದಲ್ಲಿ ಮೀರಬಹುದು. ಇರಿಡಿಯಂನಂತಹ ಉಪಗ್ರಹ ಸೇವೆ ನಿಖರವಾಗಿದೆ, ಆದರೆ ಅದಕ್ಕೆ ಶುಲ್ಕವಿದೆ. ಅಲ್ಲದೆ ನಮ್ಮ ದೇಶದಲ್ಲಿ ತುರಾಯಾ, ಇರಿಡಿಯಂ ಫೋನುಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧವಾದ್ದರಿಂದ, ಅಂತರಜಾಲದಲ್ಲಿ ಕಂಡ ಸಾಧನವನ್ನು ತರಿಸಿಕೊಳ್ಳುವ ಉತ್ಸಾಹ ಯಾರಿಗೂ ಬೇಡ.

ಬೋಯ್ ಎಲ್ಲಿದೆ ಎಂಬುದು ಎಷ್ಟು ನಿಖರವಾಗಿ ತಿಳಿಯುತ್ತದೆ?

ಹ್ಯಾಮ್‌ಗಳು ಭೂಮಿಯನ್ನು ಮೇಡನ್‌ಹೆಡ್ ಎಂಬ ಚೌಕಗಳ ಪದ್ಧತಿಯಲ್ಲಿ ಹಂಚಿಕೊಂಡಿದ್ದಾರೆ. ಮೊದಲೆರಡು ಅಕ್ಷರಗಳು 20 ಡಿಗ್ರಿ ರೇಖಾಂಶ ಮತ್ತು 10 ಡಿಗ್ರಿ ಅಕ್ಷಾಂಶದ ದೊಡ್ಡ ಹೊಲವನ್ನು ಸೂಚಿಸಿದರೆ, ಮುಂದಿನ ಎರಡು ಅಂಕಿಗಳು ಅದರೊಳಗಿನ 2 ಡಿಗ್ರಿ ಮತ್ತು 1 ಡಿಗ್ರಿಯ ಮಡಿಯನ್ನು ಸೂಚಿಸುತ್ತವೆ. ಹುಬ್ಬಳ್ಳಿ, ಧಾರವಾಡ ಮತ್ತು ಗದಗ ಮೂರೂ ಎಂಕೆ75ರಲ್ಲಿವೆ. ಹಾವೇರಿ ಎಂಕೆ74ರಲ್ಲಿದೆ, ಕಾರವಾರವೂ ಎಂಕೆ74ರಲ್ಲೇ ಇದೆ. ಮೂಲ ವಿಸ್ಪರ್ ಸಂದೇಶದಲ್ಲಿ ಈ ನಾಲ್ಕು ಅಕ್ಷರಗಳಿಗೆ ಮಾತ್ರ ಜಾಗವಿರುವುದರಿಂದ, ಅದೊಂದನ್ನೇ ನಂಬಿದರೆ ಬೋಯ್ ಕಾರವಾರದ ಅಲೆಗಳ ಮೇಲಿದೆಯೋ ಹಾವೇರಿಯ ಮೆಣಸಿನಕಾಯಿ ಹೊಲದಲ್ಲಿದೆಯೋ ಹೇಳಲಾಗುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಅಂತಹ ಒಂದು ಮಡಿ ಪೂರ್ವ-ಪಶ್ಚಿಮವಾಗಿ ಸುಮಾರು 215 ಕಿಲೊಮೀಟರ್, ಉತ್ತರ-ದಕ್ಷಿಣವಾಗಿ ಸುಮಾರು 111 ಕಿಲೊಮೀಟರ್ ಇರುತ್ತದೆ.

ಇನ್ನೆರಡು ಅಕ್ಷರ ಸೇರಿಸಿದರೆ ಚಿತ್ರ ಬದಲಾಗುತ್ತದೆ. ಮಡಿಯನ್ನು ಉದ್ದಕ್ಕೂ ಅಡ್ಡಕ್ಕೂ 24 ಪಾಲು ಮಾಡಿದಾಗ ಸಿಗುವ ತುಂಡು ಸುಮಾರು 9 ಕಿಲೊಮೀಟರ್ ಅಗಲ, 4.6 ಕಿಲೊಮೀಟರ್ ಉದ್ದದ್ದು. ಉದಾಹರಣೆಗೆ ಎಂಕೆ64ಎಂಎಂ ಎಂದು ಬಂದರೆ, ಅದರ ನಡುಬಿಂದು 73 ಡಿಗ್ರಿ 2.5 ನಿಮಿಷ ಪೂರ್ವ ಮತ್ತು 14 ಡಿಗ್ರಿ 31 ನಿಮಿಷ ಉತ್ತರದ ಹತ್ತಿರ, ಕಾರವಾರದಿಂದ ಸುಮಾರು 120 ಕಿಲೊಮೀಟರ್ ದೂರದ ತೆರೆದ ಕಡಲಿನಲ್ಲಿ ಬೀಳುತ್ತದೆ.

ಜಾಗವೇ ಇಲ್ಲದ ಸಂದೇಶದಲ್ಲಿ ಆ ಎರಡು ಅಕ್ಷರಗಳನ್ನು, ತಾಪಮಾನವನ್ನು, ಬ್ಯಾಟರಿಯ ವೋಲ್ಟೇಜನ್ನು ಎಲ್ಲಿ ತುರುಕುತ್ತಾರೆ?

ಇಡೀ ವಿಷಯದಲ್ಲಿ ನಮಗೆ ಅತ್ಯಂತ ಇಷ್ಟವಾದ ಭಾಗ ಇದು. ಬೋಯ್ ಮೊದಲು ತನ್ನ ನಿಜವಾದ ಕಾಲ್‌ಸೈನ್ ಇರುವ ಸಂದೇಶವನ್ನು ಕಳುಹಿಸುತ್ತದೆ. ಎರಡು ನಿಮಿಷದ ನಂತರ ಇನ್ನೊಂದು ಸಂದೇಶವನ್ನು ಕಳುಹಿಸುತ್ತದೆ. ಅದು ಕಾಲ್‌ಸೈನ್‌ನಂತೆ ಕಾಣುತ್ತದೆ, ಆದರೆ ಅಲ್ಲ. ಸೊನ್ನೆ, ಒಂದು ಅಥವಾ ಕ್ಯೂ ಎಂಬುದರಿಂದ ಆರಂಭವಾಗುವ ಕಾಲ್‌ಸೈನ್‌ಗಳನ್ನು ಯಾವ ದೇಶಕ್ಕೂ ಹಂಚಿಲ್ಲ. ಆದ್ದರಿಂದ ಅಂತಹ ಹೆಸರು ಕಂಡರೆ ಅದು ವೇಷ ಹಾಕಿದ ಅಂಕಿ-ಅಂಶವೆಂದು ಬಲ್ಲವರಿಗೆ ತಿಳಿಯುತ್ತದೆ. ಯಾವ ಬೋಯ್‌ನ ಎರಡನೆಯ ಸಂದೇಶ ಎಂಬುದನ್ನು ಅದು ಬಂದ ನಿಮಿಷ, ಆವರ್ತನದ ಸ್ಥಾನ ಮತ್ತು ಆರಂಭದ ಅಕ್ಷರ-ಅಂಕಿಗಳಿಂದ ಗುರುತಿಸುತ್ತಾರೆ. ಎತ್ತರದಲ್ಲಿ ಹಾರುವ ಪುಟ್ಟ ಬಲೂನುಗಳಿಗಾಗಿ ಬೆಳೆದ ಈ ಉಪಾಯವನ್ನು ಬೋಯ್‌ಗಳೂ ಎರವಲು ಪಡೆದಿವೆ.

ಅಂಕಿಗಳನ್ನು ಕಟ್ಟುವ ಬಗೆ ಹಳೆಯ ರೂಪಾಯಿ-ಆಣೆ-ಪೈ ಲೆಕ್ಕದಂತೆಯೇ ಇದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 3 ರೂಪಾಯಿ 5 ಆಣೆ 7 ಪೈಯನ್ನು ಒಂದೇ ಸಂಖ್ಯೆಯಾಗಿ ಹೇಳಬೇಕೆಂದರೆ 643 ಪೈ ಎನ್ನುತ್ತೇವೆ. ಅದನ್ನು 12ರಿಂದ ಭಾಗಿಸಿದರೆ 53 ಬಂದು 7 ಉಳಿಯುತ್ತದೆ, 53ನ್ನು 16ರಿಂದ ಭಾಗಿಸಿದರೆ 3 ಬಂದು 5 ಉಳಿಯುತ್ತದೆ. ಮೂಲ ಮೊತ್ತ ಮರಳಿ ಕೈಗೆ ಬಂತು. ಬೋಯ್‌ನಲ್ಲಿ ಆಣೆ-ಪೈಗಳ ಬದಲು 24 ಸಾಧ್ಯತೆಗಳ ಒಂದು ಅಕ್ಷರ, ಇನ್ನೊಂದು 24ರ ಅಕ್ಷರ, ತಾಪಮಾನದ ಮೆಟ್ಟಿಲುಗಳು, ವೋಲ್ಟೇಜಿನ ಮೆಟ್ಟಿಲುಗಳು ಇರುತ್ತವೆ; ಎಲ್ಲವನ್ನೂ ಒಂದು ದೊಡ್ಡ ಸಂಖ್ಯೆಯಾಗಿ ಹೆಣೆದು, ಆ ಸಂಖ್ಯೆಯನ್ನು ಸುಳ್ಳು ಕಾಲ್‌ಸೈನ್, ಸುಳ್ಳು ಸ್ಥಳ ಮತ್ತು ಸುಳ್ಳು ಶಕ್ತಿಯಾಗಿ ಬಿಡಿಸಿ ಕಳುಹಿಸಲಾಗುತ್ತದೆ. ಅಜ್ಜಂದಿರು ಅಂಗಡಿಯಲ್ಲಿ ಬಾಯಿಲೆಕ್ಕದಲ್ಲಿ ಮಾಡುತ್ತಿದ್ದುದನ್ನು ಮಕ್ಕಳಿಗೆ ಈ ನೆಪದಲ್ಲಿ ಕಲಿಸಬಹುದು. ಒಂದು ಎಚ್ಚರಿಕೆ ಮಾತ್ರ ಇರಲಿ: ಹವ್ಯಾಸಿ ರೇಡಿಯೊದಲ್ಲಿ ಗುಟ್ಟು ಮಾಡುವಂತಿಲ್ಲ. ಸಂಕೇತವನ್ನು ಬಿಡಿಸುವ ಕ್ರಮವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿರಬೇಕು.

ಹುಬ್ಬಳ್ಳಿಯಲ್ಲಿ ಕುಳಿತು ಕಾರವಾರದ ಆಚೆಗಿನ ಬೋಯ್ ಅನ್ನು ನೇರವಾಗಿ ಕೇಳಬಹುದೆ?

ಬಹುಮಟ್ಟಿಗೆ ಆಗುವುದಿಲ್ಲ, ಮತ್ತು ಹೊಸಬರಿಗೆ ಹೆಚ್ಚು ನಿರಾಸೆ ತರುವ ಸಂಗತಿ ಇದೇ. ಬೋಯ್‌ಗಳು ಹೆಚ್ಚಾಗಿ ಬಳಸುವುದು 14 ಮೆಗಾಹರ್ಟ್ಸ್ ಬ್ಯಾಂಡನ್ನು. ಅಲ್ಲಿನ ತರಂಗ ಎರಡು ದಾರಿಯಲ್ಲಿ ಹೋಗುತ್ತದೆ. ನೆಲಕ್ಕೆ ಅಂಟಿಕೊಂಡು ಹೋಗುವುದು ಉಪ್ಪುನೀರಿನ ಮೇಲೆ ಚೆನ್ನಾಗಿ ಸಾಗಿದರೂ ದಡ ಹತ್ತಿ ಪಶ್ಚಿಮಘಟ್ಟವನ್ನು ದಾಟುವಷ್ಟರಲ್ಲಿ ಬಸವಳಿಯುತ್ತದೆ. ಆಕಾಶಕ್ಕೆ ಹೋಗಿ, ವಾತಾವರಣದ ಮೇಲಿನ ವಿದ್ಯುದಾವೇಶದ ಪದರವಾದ ಅಯಾನುಗೋಳದಿಂದ ಬಾಗಿ ಬರುವುದು ಸಾಮಾನ್ಯವಾಗಿ ನೂರಾರು ಕಿಲೊಮೀಟರ್ ಆಚೆಗೇ ಇಳಿಯುತ್ತದೆ. ಮೇಲೆ ಹೇಳಿದ ಎಂಕೆ64ಎಂಎಂ ಚೌಕದಿಂದ ಹುಬ್ಬಳ್ಳಿಗೆ ನೇರ ಅಂತರ ಸುಮಾರು 240 ಕಿಲೊಮೀಟರ್. ನಾವು ಎರಡೂ ದಾರಿಗಳ ನಡುವಿನ ಮೌನದ ಪಟ್ಟಿಯಲ್ಲಿ ಬೀಳುತ್ತೇವೆ. ಅದೇ ಕ್ಷಣದಲ್ಲಿ ಯುರೋಪಿನ ಅಥವಾ ಆಸ್ಟ್ರೇಲಿಯಾದ ಯಾರದೋ ಮನೆಯ ರಿಸೀವರ್ ಅದನ್ನು ಓದುತ್ತಿರಬಹುದು. ಆ ರಿಸೀವರ್ ತಾನು ಕೇಳಿದ್ದನ್ನು ವಿಸ್ಪರ್‌ನೆಟ್ ಎಂಬ ಜಾಗತಿಕ ದಾಖಲೆಗೆ ತಾನಾಗಿಯೇ ಸೇರಿಸುತ್ತದೆ, ನಾವು ಅದನ್ನು ತೆರೆದು ನೋಡುತ್ತೇವೆ. ಅಷ್ಟನ್ನು ನೋಡಲು ಪರವಾನಗಿಯೂ ಬೇಡ, ಆಂಟೆನಾವೂ ಬೇಡ.

ಹಾಗಾದರೆ ನಮ್ಮ ರಿಸೀವರ್‌ನಿಂದ ಏನು ಪ್ರಯೋಜನ? ನಮ್ಮ ತಾರಸಿಯ ಆಂಟೆನಾ ನಮ್ಮ ಬೋಯ್‌ಗೆ ಉಪಯೋಗವಾಗದಿದ್ದರೂ, ಹಿಂದೂ ಮಹಾಸಾಗರದ ದೂರದ ಮೂಲೆಯಲ್ಲಿರುವ ಬೇರೊಬ್ಬರ ಬೋಯ್‌ಗೆ ಉಪಯೋಗವಾಗುತ್ತದೆ. ಮುಯ್ಯಿಗೆ ಮುಯ್ಯಿ ಎಂಬಂತೆ ನಡೆಯುವ ವ್ಯವಹಾರವಿದು, ಆದರೆ ಮುಯ್ಯಿ ಕೊಟ್ಟವರ ಮುಖವನ್ನು ಯಾರೂ ನೋಡಿರುವುದಿಲ್ಲ. ಹತ್ತಿರದ ನೀರಿನಲ್ಲಿರುವಾಗಲೂ ಕೇಳಬೇಕೆಂಬ ಹಟವಿರುವವರು ಬೋಯ್ ಅನ್ನು 7 ಮೆಗಾಹರ್ಟ್ಸ್‌ನಲ್ಲಿಯೂ ಸರದಿಯ ಮೇಲೆ ಮಾತನಾಡುವಂತೆ ಮಾಡುತ್ತಾರೆ, ಏಕೆಂದರೆ ಹಗಲಿನಲ್ಲಿ ಆ ಬ್ಯಾಂಡ್ ಕೆಲವು ನೂರು ಕಿಲೊಮೀಟರ್‌ನ ಒಳಗೂ ಇಳಿಯುತ್ತದೆ.

ಕೇಳಲು ಕಪ್ಪತಗುಡ್ಡ ಹತ್ತಬೇಕೆ?

ಬೇಡ. ಈ ತರಂಗಗಳಿಗೆ ಎತ್ತರಕ್ಕಿಂತ ನಿಶ್ಶಬ್ದ ಮುಖ್ಯ. ನಗರದ ಎಲ್‌ಇಡಿ ಬಲ್ಬುಗಳು, ಚಾರ್ಜರುಗಳು ಮತ್ತು ಇನ್ವರ್ಟರುಗಳು ಎಬ್ಬಿಸುವ ಗದ್ದಲದಲ್ಲಿ ಕಳೆದುಹೋಗುವ ಸಂಕೇತವನ್ನು, ಹಾವೇರಿ ಜಿಲ್ಲೆಯ ಹೊಲವೊಂದರಲ್ಲಿ ಎರಡು ಬೇವಿನ ಮರಗಳ ನಡುವೆ ಕಟ್ಟಿದ, ಒಟ್ಟು 10 ಮೀಟರ್ ಉದ್ದದ ಸಾದಾ ತಂತಿ ಹಿಡಿದುಕೊಡುತ್ತದೆ. ಓಣಿಯಲ್ಲಿ ವಿದ್ಯುತ್ ಹೋದಾಗ ಎಲ್ಲರೂ ಬೇಸರಿಸಿಕೊಂಡರೆ, ನಾವು ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಖುಷಿಪಡುತ್ತೇವೆ. ರಿಸೀವರ್ ಅನ್ನು 14.0956 ಮೆಗಾಹರ್ಟ್ಸ್‌ಗೆ, ಮೇಲಿನ ಪಾರ್ಶ್ವಪಟ್ಟಿಯಲ್ಲಿ (ರಿಸೀವರ್‌ನಲ್ಲಿ ಯುಎಸ್‌ಬಿ ಎಂದಿರುವ ಆಯ್ಕೆ) ನಿಲ್ಲಿಸಿ, ಉಚಿತವಾಗಿ ಸಿಗುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶ ಹಾಕಿ, ಕಂಪ್ಯೂಟರಿನ ಗಡಿಯಾರ ಸರಿಯಾಗಿದೆಯೆ ಎಂದು ನೋಡಿಕೊಂಡರೆ ಸಾಕು.

ಆಂಟೆನಾ ಎಷ್ಟು ಉದ್ದವಿರಬೇಕು? ಕೆರೆಯಲ್ಲಿ ಪರೀಕ್ಷಿಸಬಹುದೆ?

ಈ ಬ್ಯಾಂಡಿನಲ್ಲಿ ಕಾಲು ತರಂಗದ ಉದ್ದ ಸುಮಾರು 5.3 ಮೀಟರ್. ಅಷ್ಟುದ್ದದ ಕೋಲು ಅಲೆಯ ಮೇಲೆ ನೆಟ್ಟಗೆ ನಿಲ್ಲುವುದಿಲ್ಲವಾದ್ದರಿಂದ, ಎರಡು-ಮೂರು ಮೀಟರ್‌ನ ಫೈಬರ್ ಕೋಲಿಗೆ ತಂತಿ ಸುತ್ತಿ, ನಡುವೆ ಒಂದು ಸುರುಳಿ ಸೇರಿಸಿ ಕೊರತೆಯನ್ನು ತುಂಬುತ್ತಾರೆ. ಇಂತಹ ಕುಳ್ಳ ಆಂಟೆನಾ ನೆಲದ ಮೇಲೆ ಸಪ್ಪೆಯಾದರೂ ಕಡಲಿನಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ, ಏಕೆಂದರೆ ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕ. ಬೋಯ್‌ನ ಕೆಳಗಿರುವ ಲೋಹದ ಭಾಗ ನೀರನ್ನು ಮುಟ್ಟುತ್ತಿದ್ದರೆ ಇಡೀ ಸಮುದ್ರವೇ ಆಂಟೆನಾದ ಇನ್ನರ್ಧವಾಗುತ್ತದೆ, ತರಂಗವೂ ದಿಗಂತಕ್ಕೆ ತಗ್ಗಿಕೊಂಡು ಹೊರಡುತ್ತದೆ. ದೂರ ಹೋಗಲು ಬೇಕಾದದ್ದು ಅಂತಹ ತಗ್ಗು ಕೋನವೇ.

ನಾವು ಮೊದಲ ಪರೀಕ್ಷೆಯನ್ನು ಉಣಕಲ್ ಕೆರೆಯಲ್ಲಿ ಮಾಡಿ ಎರಡು ತಪ್ಪು ತೀರ್ಮಾನಗಳಿಗೆ ಬಂದೆವು. ಸಿಹಿನೀರಿನ ವಾಹಕತೆ ಕಡಲಿಗಿಂತ ನೂರಾರು ಪಟ್ಟು ಕಡಿಮೆ ಇರುವುದರಿಂದ ಆಂಟೆನಾ ಹೊಂದಿಕೆಯ ಅಳತೆಗಳೆಲ್ಲ ಕೆಟ್ಟದಾಗಿ ಬಂದವು. ನಾವು ಸುರುಳಿಯನ್ನು ದೂರಿದೆವು. ಕಡಲಿನ ನೀರು ಲೀಟರಿಗೆ ಸುಮಾರು 1.025 ಕಿಲೊ ತೂಗುತ್ತದೆ, ಕೆರೆಯ ನೀರು ಒಂದು ಕಿಲೊ. ಆದ್ದರಿಂದ ಕೆರೆಯಲ್ಲಿ ಕೊಳವೆ ಹೆಚ್ಚು ಮುಳುಗಿ ನಿಂತಿತು, ನಾವು ಅಡಿಯ ಭಾರವನ್ನು ಕಡಿಮೆ ಮಾಡಿದೆವು. ಕೊನೆಗೆ 200 ಲೀಟರಿನ ಡ್ರಮ್ಮಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಏಳು ಕಿಲೊ ಉಪ್ಪು ಸುರಿದು ಎಲ್ಲವನ್ನೂ ಮತ್ತೆ ಅಳೆದೆವು. ಉಪ್ಪಿನಕಾಯಿ ಹಾಕುವ ಕಾಲವಲ್ಲದ ಕಾಲದಲ್ಲಿ ಅಷ್ಟು ಉಪ್ಪು ಏಕೆಂದು ಕಿರಾಣಿ ಅಂಗಡಿಯ ಕಾಕಾ ಕೇಳಿದ್ದಕ್ಕೆ ಉತ್ತರಿಸುವುದೇ ಕಷ್ಟವಾಯಿತು. ಕೆರೆಯ ಪರೀಕ್ಷೆ ವ್ಯರ್ಥವೆಂದಲ್ಲ. ನೀರು ಒಳಗೆ ಸೋರುತ್ತದೆಯೆ, ಬೋಯ್ ಮಗುಚಿದರೆ ತಾನಾಗಿ ಎದ್ದು ನಿಲ್ಲುತ್ತದೆಯೆ ಎಂಬುದನ್ನು ಅಲ್ಲಿ ಚೆನ್ನಾಗಿ ತಿಳಿಯಬಹುದು.

ಬ್ಯಾಟರಿ ಎಷ್ಟು ದಿನ ಬರುತ್ತದೆ?

ಲೆಕ್ಕ ಹೀಗಿದೆ. ಪ್ರಸಾರದ ಸಮಯದಲ್ಲಿ ಒಟ್ಟು ಅರ್ಧ ವಾಟ್ ಬೇಕು, ಹತ್ತು ನಿಮಿಷಕ್ಕೊಮ್ಮೆ ಎರಡು ಸಂದೇಶ, ಅಂದರೆ ನಾಲ್ಕು ನಿಮಿಷ ಪ್ರಸಾರ ಎಂದಿಟ್ಟುಕೊಂಡರೆ, ಸರಾಸರಿ 0.2 ವಾಟ್, ದಿನಕ್ಕೆ 4.8 ವಾಟ್-ಗಂಟೆ ಆಗುತ್ತದೆ. 3.2 ವೋಲ್ಟ್, 6 ಆಂಪಿಯರ್-ಗಂಟೆಯ ಒಂದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 19.2 ವಾಟ್-ಗಂಟೆ ಕೊಡುತ್ತದೆ, ನಾಲ್ಕು ದಿನ. ಗಂಟೆಗೊಮ್ಮೆ ಮಾತ್ರ ಮಾತನಾಡಿಸಿದರೆ ಅದೇ ಸೆಲ್ ಮೂರು ವಾರ ದಾಟುತ್ತದೆ. ಬೋಯ್ ಗಂಟೆಗೆ ಒಂದೆರಡು ಕಿಲೊಮೀಟರ್‌ಗಿಂತ ಹೆಚ್ಚು ಸಾಗುವುದು ವಿರಳವಾದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಹರಟುವುದು ದುಂದುವೆಚ್ಚವೆಂದೇ ನಮ್ಮ ಅಭಿಪ್ರಾಯ. ಸೌರಫಲಕ ಇಟ್ಟರೆ ಆಯುಷ್ಯ ಹೆಚ್ಚುತ್ತದೆ, ಆದರೆ ಮುಂಗಾರಿನ ಮೋಡ ಮತ್ತು ಕಡಲಹಕ್ಕಿಗಳ ಹಿಕ್ಕೆ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕರ್ನಾಟಕದ ಕರಾವಳಿಯಿಂದ ಬಿಟ್ಟರೆ ಅದು ಯಾವ ಕಡೆ ಹೋಗುತ್ತದೆ?

ಯಾವ ತಿಂಗಳು ಎಂಬುದರ ಮೇಲೆ ನಿಂತಿದೆ. ಭಾರತದ ಪಶ್ಚಿಮ ಕರಾವಳಿಯ ಪ್ರವಾಹವು ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣಕ್ಕೂ, ನವೆಂಬರ್‌ನಿಂದ ಫೆಬ್ರವರಿಯ ಆಸುಪಾಸಿನಲ್ಲಿ ಉತ್ತರಕ್ಕೂ ಹರಿಯುತ್ತದೆ. ಹಿಂದೂ ಮಹಾಸಾಗರದ ಉತ್ತರ ಭಾಗದಂತೆ ಗಾಳಿಯ ಋತುಗಳ ಜೊತೆ ಪ್ರವಾಹಗಳೂ ದಿಕ್ಕು ತಿರುಗಿಸುವ ಕಡಲು ಅಪರೂಪ. ಆದರೆ ಬೋಯ್‌ನ ಮೇಲ್ಭಾಗಕ್ಕೆ ಗಾಳಿ ಬಡಿಯುತ್ತಿದ್ದರೆ ಅದು ನೀರಿನ ದಾರಿಯನ್ನು ಬಿಟ್ಟು ಗಾಳಿಯ ದಾರಿಯನ್ನು ಹಿಡಿಯುತ್ತದೆ. ಇದನ್ನು ತಡೆಯಲು ಬಟ್ಟೆಯ ತೋಳಿನಂತಹ ಜಗ್ಗುಚೀಲವನ್ನು ಕೆಳಗೆ ಇಳಿಬಿಡುತ್ತಾರೆ. ವಿಜ್ಞಾನಿಗಳ ಜಾಗತಿಕ ಡ್ರಿಫ್ಟರ್ ಕಾರ್ಯಕ್ರಮದಲ್ಲಿ ಅದರ ನಡುಭಾಗ 15 ಮೀಟರ್ ಆಳದಲ್ಲಿರುತ್ತದೆ.

ಸರ್ಕಾರಿ ಬೋಯ್‌ಗಳನ್ನೂ ಹೀಗೆ ಕೇಳಬಹುದೆ?

ಇಲ್ಲ. ಅವು ಉಪಗ್ರಹಗಳ ಮೂಲಕ ಮಾತನಾಡುತ್ತವೆ. ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳಕ್ಕೆ ಇಳಿದು ಮೇಲೆ ಬರುವ ಆರ್ಗೊ ತೇಲುಗಗಳ ಮಾಹಿತಿ ಎಲ್ಲರಿಗೂ ಮುಕ್ತವಾಗಿದೆ; ಭಾರತದಲ್ಲಿ ಆ ಕೆಲಸವನ್ನು ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ.

ದಾಖಲೆಯಲ್ಲಿ ಬೋಯ್ ಇದ್ದಕ್ಕಿದ್ದಂತೆ ಆಫ್ರಿಕಾದಲ್ಲಿ ಕಾಣಿಸಿತು. ನಂಬಬೇಕೆ?

ಗದ್ದಲವನ್ನೇ ಸಂದೇಶವೆಂದು ತಂತ್ರಾಂಶ ತಪ್ಪಾಗಿ ಓದುವುದುಂಟು. ಒಬ್ಬನೇ ಕೇಳಿದ, ಎಂದಿನ ಆವರ್ತನಕ್ಕಿಂತ ಹತ್ತಾರು ಹರ್ಟ್ಸ್ ಆಚೀಚೆ ಇರುವ, ಹಿಂದಿನ ಜಾಗದಿಂದ ಅಸಾಧ್ಯ ವೇಗದಲ್ಲಿ ಬರಬೇಕಾದ ವರದಿಯನ್ನು ನಾವು ನಕ್ಷೆಗೆ ಹಾಕುವುದಿಲ್ಲ. ಸೆಕೆಂಡಿಗೆ ಅರ್ಧ ಮೀಟರ್ ಪ್ರವಾಹವೆಂದರೆ ದಿನಕ್ಕೆ ಸುಮಾರು 43 ಕಿಲೊಮೀಟರ್. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಹೆಚ್ಚಿನ ಸುಳ್ಳು ವರದಿಗಳು ತಾವಾಗಿಯೇ ಬಯಲಾಗುತ್ತವೆ.

ಸಂದೇಶ ನಿಂತುಹೋದರೆ ಬೋಯ್ ಮುಳುಗಿತೆಂದು ಅರ್ಥವೆ?

ಅಷ್ಟು ಬೇಗ ತೀರ್ಮಾನಿಸಬಾರದು. ಸೂರ್ಯನ ಸ್ಫೋಟದಿಂದ ಬ್ಯಾಂಡ್ ಮುಚ್ಚಿರಬಹುದು, ಜಿಪಿಎಸ್ ಸಿಗದೆ ಬೋಯ್ ತಾನೇ ಸುಮ್ಮನಿರಬಹುದು, ಅಥವಾ ಅದು ಮಾತನಾಡುತ್ತಿದ್ದರೂ ಕೇಳುವ ದಿಕ್ಕಿನಲ್ಲಿ ರಿಸೀವರ್‌ಗಳೇ ಇಲ್ಲದಿರಬಹುದು. ಹೀಗಾಗಿ ಮೌನಕ್ಕೆ ಮುಂಚಿನ ಕೆಲವು ದಿನಗಳ ಅಂಕಿಗಳನ್ನು ಓದುವುದನ್ನು ಕಲಿಯಬೇಕು. ವೋಲ್ಟೇಜ್ ಪ್ರತಿ ಬೆಳಗ್ಗೆ ಹಿಂದಿನ ಬೆಳಗ್ಗೆಗಿಂತ ಕಡಿಮೆ ಇದ್ದರೆ ಫಲಕ ಕೊಳೆಯಾಗಿದೆ ಅಥವಾ ಸೆಲ್ ಸೋಲುತ್ತಿದೆ. ವೇಗ ಹೆಚ್ಚಿ ದಾರಿಯು ಗಾಳಿಯ ದಿಕ್ಕಿಗೆ ಹೊಂದಿಕೊಂಡರೆ ಕೆಳಗಿನ ಜಗ್ಗುಚೀಲ ಹರಿದುಹೋಗಿದೆ. ಜಾಗ ಬದಲಾಗದೆ, ಒಳಗಿನ ತಾಪಮಾನ ಮಾತ್ರ ಹಗಲಲ್ಲಿ ಬಹಳ ಏರಿ ರಾತ್ರಿ ಬಹಳ ಇಳಿದರೆ ಬೋಯ್ ಯಾವುದೋ ದಡದ ಮರಳಿನ ಮೇಲೆ ಬಿದ್ದಿದೆ, ಏಕೆಂದರೆ ಕಡಲಿನ ನೀರು ಅಷ್ಟು ಏರಿಳಿತಕ್ಕೆ ಅವಕಾಶ ಕೊಡುವುದಿಲ್ಲ. ಗಂಟೆಗೆ 15 ಕಿಲೊಮೀಟರ್ ವೇಗದಲ್ಲಿ ಬಂದರಿನತ್ತ ನೆಟ್ಟಗೆ ಹೊರಟಿದ್ದರೆ ಅದು ಮೀನುಗಾರರ ದೋಣಿಯಲ್ಲಿದೆ ಎಂದು ತಿಳಿಯಬೇಕು. ಅವರನ್ನು ದೂರುವಂತಿಲ್ಲ, ಬಲೆಗೆ ಸಿಕ್ಕ ಅಪರಿಚಿತ ವಸ್ತುವನ್ನು ಯಾರೇ ಆಗಲಿ ಎತ್ತಿ ನೋಡುತ್ತಾರೆ. ಕನ್ನಡ, ಹಿಂದಿ ಮತ್ತು ಇಂಗ್ಲಿಷಿನಲ್ಲಿ, ನೀರಿಗೆ ಅಳಿಸದಂತೆ, ಇದು ಅಪಾಯಕಾರಿಯಲ್ಲ ಎಂದು ಬರೆದಿರುವುದು ಎಲ್ಲರಿಗೂ ಕ್ಷೇಮ.

ಅನುಮತಿ ಬೇಕೆ?

ಖಂಡಿತ ಬೇಕು, ಒಂದಕ್ಕಿಂತ ಹೆಚ್ಚು. ಪ್ರಸಾರ ಮಾಡುವ ಯಾವ ಸಾಧನಕ್ಕಾದರೂ ಪರೀಕ್ಷೆ ಪಾಸಾಗಿ ಪಡೆದ ಹವ್ಯಾಸಿ ಪರವಾನಗಿ ಮತ್ತು ವಿಯು ಎಂದು ಆರಂಭವಾಗುವ ಕಾಲ್‌ಸೈನ್ ಇರಬೇಕು. ಆದರೆ ಮನೆಯ ವಿಳಾಸಕ್ಕೆ ಕೊಟ್ಟ ಪರವಾನಗಿಯನ್ನು ಮುಂದಿಟ್ಟುಕೊಂಡು ಕಾವಲಿಲ್ಲದ ಟ್ರಾನ್ಸ್‌ಮಿಟರ್ ಅನ್ನು ಕಡಲಿಗೆ ಬಿಡುವುದು ತರವಲ್ಲ. ಪರವಾನಗಿ ಕೊಟ್ಟ ಇಲಾಖೆಗೆ ಬರೆದು, ಬರಹದಲ್ಲಿಯೇ ಉತ್ತರ ಪಡೆಯಬೇಕು. ಕಾರವಾರದ ಬಳಿ ನೌಕಾಪಡೆಯ ಕದಂಬ ನೆಲೆ ಇದೆ. ಅದರ ಸುತ್ತಿನ ನೀರಿನಲ್ಲಿ ತನ್ನ ಜಾಗವನ್ನು ತಾನೇ ಸಾರುವ ಅನಾಮಿಕ ಕೊಳವೆಯೊಂದು ಸಿಕ್ಕರೆ, ಸಿಕ್ಕವರು ಅದನ್ನು ಹವ್ಯಾಸವೆಂದು ಭಾವಿಸುವುದಿಲ್ಲ. ಕರಾವಳಿ ಕಾವಲು ಪೊಲೀಸರಿಗೆ ಮತ್ತು ಕೋಸ್ಟ್ ಗಾರ್ಡ್‌ಗೆ ಮುಂಚಿತವಾಗಿ ತಿಳಿಸದೆ ಈ ಕೆಲಸಕ್ಕೆ ಕೈಹಾಕಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇವೆ. ಇದು ಹೆದರಿಸುವ ಮಾತಲ್ಲ. ಒಬ್ಬರ ಅವಸರದಿಂದ ಮುಂದಿನ ಹತ್ತು ಜನರಿಗೆ ಬಾಗಿಲು ಮುಚ್ಚಬಾರದು ಎಂಬ ಕಾಳಜಿ.

ಕಡಲಿಗೆ ಇನ್ನೊಂದಿಷ್ಟು ಕಸ ಸೇರಿಸಿದಂತಾಗುವುದಿಲ್ಲವೆ?

ಆಗುತ್ತದೆ. ಮರಳಿ ಸಿಗದ ಪ್ರತಿಯೊಂದು ಬೋಯ್ ಕಸವೇ. ಆದ್ದರಿಂದ ಒಂದನ್ನು ಬಿಟ್ಟು ಅದರಿಂದ ಸಿಗುವಷ್ಟನ್ನೂ ಕಲಿಯುವುದು ಸರಿಯೆನಿಸುತ್ತದೆ. ಕಾಲೇಜಿಗೊಂದರಂತೆ ಬಿಡುವ ಉತ್ಸಾಹ ನಮಗೆ ಒಪ್ಪಿಗೆಯಿಲ್ಲ.

ನಿಮ್ಮ ಬೋಯ್ ಈಗ ಎಲ್ಲಿದೆ?

ಹುಬ್ಬಳ್ಳಿಯ ಒಂದು ಮನೆಯ ತಾರಸಿಯಲ್ಲಿ, ಉಪ್ಪುನೀರಿನ ಅದೇ ಡ್ರಮ್ಮಿನೊಳಗೆ ನಿಂತಿದೆ. ಅನುಮತಿಗಾಗಿ ಬರೆದ ಪತ್ರಕ್ಕೆ ಉತ್ತರ ಬರುವವರೆಗೆ ಗಂಟೆಗೊಮ್ಮೆ ಎಂಕೆ75 ಎಂದು ಹೇಳುತ್ತಿರುತ್ತದೆ. ಡ್ರಮ್ಮಿನ ನೀರು ಬಿಸಿಲಿಗೆ ಆರಿದಷ್ಟೂ ಉಪ್ಪು ಗಟ್ಟಿಯಾಗಿ ಬೋಯ್ ಮೇಲೇಳುವುದರಿಂದ, ವಾರಕ್ಕೊಮ್ಮೆ ಕೊಳವೆಯ ಗುರುತಿನವರೆಗೆ ಸಾದಾ ನೀರು ತುಂಬಬೇಕಾಗುತ್ತದೆ.